ಪುಸ್ತಕ ನೋಡಿ ಬರೆಯುವ ಪರೀಕ್ಷೆ

“ಪುಸ್ತಕ ನೋಡಿಕೊಂಡು ಬರೆದರೆ ಅದನ್ನು ಪರೀಕ್ಷೆಯೆನ್ನಬಹುದೆ?”

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ನಮ್ಮ ನೆರೆಮನೆಯ ಗೃಹಸ್ಥರು. ಅವರ ಮಗ ಕಾನೂನು ಕಾಲೇಜಿನ ವಿದ್ಯಾರ್ಥಿ. ಅವನ ಕಾಲೇಜಿನ ಆಂತರಿಕ ಪರೀಕ್ಷೆಯೊಂದಕ್ಕೆ ಪುಸ್ತಕಗಳನ್ನು ಜೊತೆಗೆ ಒಯ್ಯಬಹುದಂತೆ. ಅಷ್ಟೇ ಅಲ್ಲ, ಗಣಕಯಂತ್ರವನ್ನು ಎದುರಿಗಿಟ್ಟುಕೊಂಡು ಅಂತರಜಾಲದಲ್ಲಿರುವ ಕಾಯಿದೆಗಳನ್ನೂ ತೀರ್ಪುಗಳನ್ನೂ ತೆರೆದು ನೋಡುತ್ತ ಉತ್ತರ ಬರೆಯಬಹುದಂತೆ. ಇದನ್ನು ಕೇಳಿ ಆ ಹಿರಿಯರು ಹೌಹಾರಿದ್ದರು. “ನಮ್ಮ ಕಾಲದಲ್ಲಿ ಅಂಗಿಯ ತೋಳಿನಲ್ಲಿ ಒಂದು ಚೀಟಿ ಸಿಕ್ಕರೆ ಇಡೀ ವರ್ಷ ಹಾಳಾಗುತ್ತಿತ್ತು. ಈಗ ಗ್ರಂಥಾಲಯವನ್ನೇ ಕೈಗೆ ಕೊಟ್ಟು ಕೂರಿಸುತ್ತಾರೆ. ಇನ್ನು ನಪಾಸಾಗುವವನು ಯಾರು?” ಎಂದು ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಕನ್ನಡ ಎಂ.ಎ. ಮಾಡಿದ ನನಗೆ ಕಾನೂನಿನ ಪರಿಚಯ ಅಷ್ಟಕ್ಕಷ್ಟೆ.

ಉತ್ತರ ದೊರೆತದ್ದು ಹಲಸಂಗಿಯಲ್ಲಿ.

ಹಲಸಂಗಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಇಂಡಿಯ ಸೀಮೆಯ ಈ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಒಟ್ಟುಗೂಡಿ, ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಬಾಯಿಂದ ಹಾಡುಗಳನ್ನು ಬರೆದುಕೊಂಡರು. ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಅವು ಪುಸ್ತಕವಾಗಿ ಹೊರಬಂದವು. ವರ್ಷಕ್ಕೊಮ್ಮೆ ನನ್ನ ತರಗತಿಯ ಹುಡುಗ ಹುಡುಗಿಯರನ್ನು ಆ ಊರಿಗೆ ಕರೆದೊಯ್ಯುವುದು ನನ್ನ ರೂಢಿ. ಈ ಸಲ ಹೋದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾದಳು. ಬಿ.ಎ.ಯಲ್ಲಿ ನನ್ನ ಬಳಿ ಕನ್ನಡ ಓದಿದವಳು. ಈಗ ಪಟ್ಟಣದಲ್ಲಿ ಕಾನೂನು ಓದುತ್ತಿದ್ದಾಳೆ. ಅವಳ ಮನೆ ಆ ಊರಿನಲ್ಲೇ. ಊಟಕ್ಕೆ ಬರಲೇಬೇಕೆಂದು ಹಟ ಹಿಡಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಮುಂದೆ ಬಂದ ಮೇಲೆ ಸಂಕೋಚದಿಂದ ಹೇಳಿದಳು:

“ಸರ್, ಪುಸ್ತಕ ನೋಡಿ ಬರಿಯೋ ಪರೀಕ್ಷಾದಾಗ ನಾನು ನಪಾಸಾದೆನ್ರಿ.”

ನೆರೆಮನೆಯವರ ಪ್ರಶ್ನೆ ನನಗೆ ಒಡನೆಯೇ ನೆನಪಾಯಿತು. ಉತ್ತರಪತ್ರಿಕೆಯನ್ನು ತೋರಿಸೆಂದೆ. ತಂದು ತೋರಿಸಿದಳು.

ಪ್ರಶ್ನೆ ಹೀಗಿತ್ತು: ಕರ್ನಾಟಕದ ಒಂದು ಹಿಂದೂ ಅವಿಭಕ್ತ ಕುಟುಂಬಕ್ಕೆ ೯ ಎಕರೆ ಪಿತ್ರಾರ್ಜಿತ ಜಮೀನಿದೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ಮಗಳ ಮದುವೆ ೧೯೯೦ರಲ್ಲಿ ಆಯಿತು. ೧೯೯೮ರಲ್ಲಿ ತಂದೆ ಮೃತ್ಯುಪತ್ರ ಬರೆಯದೆ ಕಾಲವಾದ. ಜಮೀನು ಇದುವರೆಗೂ ಪಾಲಾಗಿಲ್ಲ. ಮಗಳು ಇಂದು ದಾವೆ ಹೂಡಿದರೆ ಅವಳಿಗೆ ಬರಬೇಕಾದ ಪಾಲೆಷ್ಟು?

ಅವಳು ಬರೆದ ಉತ್ತರ: ಒಂದು ಎಕರೆ. ಅದಕ್ಕೆ ಕೊಟ್ಟ ಕಾರಣಗಳು ನೋಡುವುದಕ್ಕೆ ಬಲು ಅಚ್ಚುಕಟ್ಟಾಗಿದ್ದವು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಹಳೆಯ ಪಾಠದಂತೆ, ತಂದೆ ತೀರಿಕೊಂಡ ಗಳಿಗೆಗೆ ಮುಂಚೆ ಅವನೂ ಇಬ್ಬರು ಗಂಡುಮಕ್ಕಳೂ ಪಾಲಾದರೆಂದು ಭಾವಿಸಬೇಕು; ತಲೆಗೆ ಮೂರು ಎಕರೆ. ಬಳಿಕ ತಂದೆಯ ಮೂರು ಎಕರೆಯನ್ನು ಮೂವರು ಮಕ್ಕಳಿಗೂ ಸಮನಾಗಿ ಹಂಚಬೇಕು. ಹೀಗೆ ಅಣ್ಣತಮ್ಮಂದಿರಿಗೆ ನಾಲ್ಕು ನಾಲ್ಕು, ತಂಗಿಗೆ ಒಂದು. ೧೯೯೪ರಲ್ಲಿ ಕರ್ನಾಟಕ ಸರಕಾರ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ, ಆ ವರ್ಷದ ಜುಲೈ ೩೦ಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೇ ತೆಗೆದುಹಾಕಿತು, ನಿಜ. ಆದರೆ ಆ ದಿನ ಮಗಳೊಡನೆ ತಂದೆಯೂ ಬದುಕಿರಬೇಕೆಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ೨೦೧೫ರ ಅಕ್ಟೋಬರಿನಲ್ಲಿ ತೀರ್ಪಿತ್ತಿದೆ. ಅದೂ ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆ. ಇಲ್ಲಿ ತಂದೆ ೧೯೯೮ರಲ್ಲೇ ತೀರಿದ್ದಾನೆ. ಆದುದರಿಂದ ಒಂದೇ ಎಕರೆ.

ಇಷ್ಟು ಚೆಂದದ ಉತ್ತರದ ಮಗ್ಗುಲಿಗೆ ಪರೀಕ್ಷಕರು ಕೆಂಪು ಶಾಯಿಯಲ್ಲಿ ಬರೆದದ್ದು ಒಂದು ಇಸವಿ, ಒಂದು ಪ್ರಶ್ನಾರ್ಥಕ ಚಿಹ್ನೆ: “೨೦೨೦?”

೨೦೧೮ರ ಫೆಬ್ರವರಿಯಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯದ ಮತ್ತಿಬ್ಬರು ನ್ಯಾಯಮೂರ್ತಿಗಳು, ಕರ್ನಾಟಕದಿಂದಲೇ ಹೋದ ಇನ್ನೊಂದು ಮೊಕದ್ದಮೆಯಲ್ಲಿ, ತಂದೆ ೨೦೦೧ರಲ್ಲೇ ತೀರಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರು. ಸಮಾನ ಪೀಠಗಳೆರಡು ಎರಡು ಮಾತನ್ನಾಡಿದಂತಾಯಿತು. ಕೊನೆಗೆ ಮೂವರು ನ್ಯಾಯಮೂರ್ತಿಗಳ ಪೀಠವು ೨೦೨೦ರ ಆಗಸ್ಟ್ ೧೧ರಂದು, ವಿನೀತಾ ಶರ್ಮಾ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ, ಗೊಂದಲವನ್ನು ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು; ೨೦೦೫ರ ಆ ದಿನ ತಂದೆ ಬದುಕಿರಬೇಕಾಗಿಲ್ಲ; ೨೦೧೫ರ ತೀರ್ಪು ಇನ್ನು ಊರ್ಜಿತವಲ್ಲ. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ಕ್ರಮಬದ್ಧವಾಗಿ ಪಾಲಾಗಿ ಹೋದ ಆಸ್ತಿಯನ್ನು ಮಾತ್ರ ಮತ್ತೆ ಕೆದಕುವಂತಿಲ್ಲ. ಹಾಗಾದರೆ ಪ್ರಶ್ನೆಯ ಸರಿಯಾದ ಉತ್ತರ ಒಂದು ಎಕರೆಯಲ್ಲ, ಮೂರು ಎಕರೆ.

ತಪ್ಪಾದದ್ದು ಎಲ್ಲಿ? ಆ ಹುಡುಗಿ ಸೋಮಾರಿಯಲ್ಲ. ಪ್ರಶ್ನೆಯಲ್ಲಿದ್ದ ಮಾತುಗಳನ್ನೇ ಅಂತರಜಾಲದಲ್ಲಿ ಹಾಕಿ ಹುಡುಕಿದಳು. ಮೊದಲು ಸಿಕ್ಕಿದ್ದು ೨೦೧೫ರ ತೀರ್ಪು. ಅದು ಸುಳ್ಳು ಕಾಗದವಲ್ಲ. ಸರ್ವೋಚ್ಚ ನ್ಯಾಯಾಲಯದ ನಿಜವಾದ ತೀರ್ಪು. ಪ್ರಶ್ನೆಗೆ ಕನ್ನಡಿ ಹಿಡಿದಂತಿತ್ತು. ಅದನ್ನು ಕಂಡೊಡನೆ ಅವಳಿಗೆ ಹಿಗ್ಗು. ಸಂಖ್ಯೆ ದಿನಾಂಕಗಳ ಸಮೇತ ಎತ್ತಿಕೊಂಡು, ಗಡುವಿಗೆ ನಲವತ್ತು ನಿಮಿಷ ಮೊದಲೇ ಉತ್ತರ ಒಪ್ಪಿಸಿ ಎದ್ದುಬಂದಳು. ಆ ನಲವತ್ತು ನಿಮಿಷದಲ್ಲಿ ಇನ್ನೊಂದೇ ಒಂದು ಪುಟ ತಿರುವಿದ್ದರೆ ಸಾಕಾಗಿತ್ತು.

ಈ ಮಾತು ನಡೆಯುತ್ತಿದ್ದಾಗ ಒಲೆಯ ಮುಂದಿದ್ದ ಅವಳ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದರು. “ಆಕೀ ಅಂಕದ ಮಾತು ಇರ್ಲಿ ಮಾಸ್ತರ. ನನ್ನ ಕತಿ ಕೇಳ್ರಿ” ಎಂದರು.

ಆಕೆಯ ತವರು ಸಿಂದಗಿಯ ಕಡೆಯ ಒಂದು ಹಳ್ಳಿ. ಇಬ್ಬರು ಅಣ್ಣಂದಿರು. ತಂದೆ ೨೦೦೨ರಲ್ಲಿ ತೀರಿಕೊಂಡವರು. ಹೊಲ ಇಂದಿಗೂ ಒಟ್ಟಿಗೇ ಇದೆ. ಕಳೆದ ವರ್ಷ ಅಣ್ಣಂದಿರಿಗೆ ಬ್ಯಾಂಕಿನ ಸಾಲ ಬೇಕಾಯಿತು. ಉತಾರ ತಮ್ಮಿಬ್ಬರ ಹೆಸರಿಗೇ ಚೊಕ್ಕಟವಾಗಿರಲೆಂದು ಹಕ್ಕುಬಿಡುಗಡೆಯ ಪತ್ರವೊಂದನ್ನು ಬರೆಸಿಕೊಂಡು ತಂಗಿಯ ಮನೆಗೆ ಬಂದರು. “ಅಪ್ಪ ೨೦೦೫ಕ್ಕಿಂತ ಮೊದಲೇ ಹೋಗ್ಯಾನ. ಕಾಯ್ದೆ ಪ್ರಕಾರ ನಿನಗ ಬರೂದು ಅಷ್ಟಕ್ಕಷ್ಟರಾಗ ಐತಿ ತಂಗಿ” ಎಂದು ಹೇಳಿ, ಯಾರೋ ಅಂತರಜಾಲದಿಂದ ಇಳಿಸಿ ಅಚ್ಚು ಮಾಡಿಕೊಟ್ಟಿದ್ದ ಹಾಳೆಗಳನ್ನು ತೋರಿಸಿದರು. ಮಗಳು ರಜೆಗೆ ಊರಿಗೆ ಬಂದಾಗ ಗೂಡಿನಲ್ಲಿದ್ದ ಆ ಹಾಳೆಗಳನ್ನು ಬಿಚ್ಚಿ ನೋಡಿದಳು. ಅದೇ ೨೦೧೫ರ ತೀರ್ಪು! ಅವಳ ಕೈಚೀಲದಲ್ಲಿ ಕೆಂಪು ಶಾಯಿಯ ಉತ್ತರಪತ್ರಿಕೆ ಇತ್ತು. ತಾಯಿಯ ಕೈಯಲ್ಲಿ ಸಹಿಗಾಗಿ ಕಾದ ಪತ್ರವಿತ್ತು. ಎರಡರಲ್ಲಿಯೂ ಒಂದೇ ತಪ್ಪು.

ಅಣ್ಣಂದಿರು ಮೋಸಗಾರರೆಂದು ನಾನು ಹೇಳಲಾರೆ. ಹಾಳೆಯನ್ನು ಇಳಿಸಿಕೊಟ್ಟವನೂ ಬೇಕೆಂದು ಕೆಟ್ಟದ್ದನ್ನು ಮಾಡಿರಲಾರ. ಅವರೆಲ್ಲರೂ ನಮ್ಮ ಹುಡುಗಿಯಂತೆಯೇ ಮೊದಲು ಸಿಕ್ಕ ಪುಟಕ್ಕೆ ನಿಂತುಬಿಟ್ಟವರು. ಆದರೆ ಆ ತಾಯಿ ಮಗಳಿಗೆ ಅಂದು ಆಡಿದ ಮಾತನ್ನು ನನ್ನೆದುರಿಗೆ ಮತ್ತೊಮ್ಮೆ ಹೇಳಿದರು: “ನಿನ್ನ ತಪ್ಪಿಗೆ ಮಾಸ್ತರು ಕೆಂಪು ಗೆರಿ ಹೊಡದ್ರು. ನನ್ನ ತಪ್ಪಿಗೆ ಯಾರು ಹೊಡೀತಿದ್ರು, ಯವ್ವಾ?”

ಈ ಒಂದು ಮಾತಿನಲ್ಲಿ ನೆರೆಮನೆಯ ಗೃಹಸ್ಥರ ಪ್ರಶ್ನೆಗೆ ಉತ್ತರವಿತ್ತು. ಕಾನೂನು ಕಲಿಯುವವನನ್ನು ಪುಸ್ತಕ ಕೊಟ್ಟು ಪರೀಕ್ಷಿಸುವುದು ಅವನಿಗೆ ಸಡಿಲ ಬಿಡಲೆಂದಲ್ಲ. ನಾಳೆ ಕಕ್ಷಿಗಾರ ಎದುರಿಗೆ ಬಂದು ಕುಳಿತಾಗ ಅವನ ಕೈಯಲ್ಲಿ ಪುಸ್ತಕವಿದ್ದೇ ಇರುತ್ತದೆ. ಅದರಲ್ಲಿ ಜೀವವಿರುವ ಪುಟ ಯಾವುದು, ಜೀವ ಹೋದ ಪುಟ ಯಾವುದು ಎಂಬ ವಿವೇಕ ಅವನಲ್ಲಿದೆಯೆ ಎಂಬುದೇ ನಿಜವಾದ ಪರೀಕ್ಷೆ.

ಕನ್ನಡ ಓದಿದವರಿಗೆ ಇದು ಹೊಸ ಮಾತಲ್ಲ. ನಮ್ಮ ವಿಜಯಪುರದಲ್ಲಿ ವಕೀಲಿ ವೃತ್ತಿ ನಡೆಸಿದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಮನೆಮನೆಯ ಓಲೆಗರಿಯ ಕಟ್ಟುಗಳನ್ನು ಹುಡುಕಿ ತಂದು ಶರಣರ ವಚನಗಳನ್ನು ಬೆಳಕಿಗಿಟ್ಟರು; ೧೯೨೩ರಲ್ಲಿ ಅವರ ‘ವಚನಶಾಸ್ತ್ರ ಸಾರ’ ಹೊರಬಂದಿತು. ಗ್ರಂಥಸಂಪಾದನೆಯ ಮೊದಲ ಪಾಠವೆಂದರೆ, ಕೈಗೆ ಸಿಕ್ಕ ಮೊದಲ ಪ್ರತಿಯನ್ನು ನೆಚ್ಚಿ ಕೂಡಬಾರದೆಂಬುದು. ಇನ್ನೊಂದು ಪ್ರತಿ ಏನು ಹೇಳುತ್ತದೆ, ಮೂರನೆಯದು ಏನು ಹೇಳುತ್ತದೆ ಎಂದು ಹೋಲಿಸಿ ನೋಡಬೇಕು. ಹಾಡಿನಲ್ಲಾದರೆ ಒಂದು ಊರಿನ ಪಾಠವೂ ಸರಿ, ಇನ್ನೊಂದು ಊರಿನ ಪಾಠವೂ ಸರಿ. ಎರಡನ್ನೂ ಅಚ್ಚು ಹಾಕಿಸಬಹುದು. ಕಾನೂನಿನಲ್ಲಿ ಹಾಗಲ್ಲ. ಎರಡು ಪಾಠಗಳಲ್ಲಿ ಒಂದು ಊರ್ಜಿತ, ಇನ್ನೊಂದು ರದ್ದು. ರದ್ದಾದುದನ್ನು ನಂಬಿದವನ ಹೊಲವೋ ಮನೆಯೋ ಕೆಲವೊಮ್ಮೆ ಅವನ ಸ್ವಾತಂತ್ರ್ಯವೋ ಹೋಗುತ್ತದೆ.

ಸ್ವಾತಂತ್ರ್ಯ ಹೋಗುವ ಮಾತು ಉತ್ಪ್ರೇಕ್ಷೆಯಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು ೨೦೧೫ರ ಮಾರ್ಚ್ ೨೪ರಂದೇ ರದ್ದುಪಡಿಸಿತ್ತು. ಆದರೂ ದೇಶದ ಹಲವೆಡೆ ಪೋಲೀಸರು ಅದೇ ಕಲಮಿನ ಕೆಳಗೆ ಮೊಕದ್ದಮೆ ಹೂಡುತ್ತಲೇ ಇದ್ದರು. ಕೊನೆಗೆ ೨೦೨೨ರ ಅಕ್ಟೋಬರಿನಲ್ಲಿ, ಆ ಕಲಮಿನಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಬಾರದೆಂದು ನ್ಯಾಯಾಲಯವೇ ಮತ್ತೆ ಆಜ್ಞೆ ಮಾಡಬೇಕಾಯಿತು. ಏಳು ವರ್ಷ ಸತ್ತ ಕಲಮು ಬದುಕಿದ್ದವರನ್ನು ಕಾಡಿತು! ಇನ್ನು ೨೦೨೪ರ ಜುಲೈ ೧ರಿಂದ ಭಾರತೀಯ ದಂಡಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಕೊಲೆಯ ಶಿಕ್ಷೆಗೆ ೩೦೨ ಇದ್ದದ್ದು ೧೦೩ ಆಯಿತು. ಮೋಸಗಾರನಿಗೆ ನಾವು ಬಳಸುವ ‘ಫೋರ್ ಟ್ವೆಂಟಿ’ ಎಂಬ ಬಿರುದು ಈಗ ೩೧೮ನೆಯ ಕಲಮಿಗೆ ಸೇರಿದೆ. ಆದರೆ ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಇಂದಿಗೂ ಹಳೆಯ ಸಂಹಿತೆಯೇ ಅನ್ವಯ. ಅಂತರಜಾಲದಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ. ಯಾವುದು ಬೇಕೆಂದು ಅದು ಹೇಳುವುದಿಲ್ಲ.

ಹಾಗೆಂದು ಅಂತರಜಾಲವನ್ನು ಹಳಿಯುವುದು ಕೃತಘ್ನತೆಯಾದೀತು. ಒಂದು ಕಾಲಕ್ಕೆ ತೀರ್ಪುಗಳ ದಪ್ಪ ಸಂಪುಟಗಳು ದೊಡ್ಡ ವಕೀಲರ ಗಾಜಿನ ಬೀರುಗಳಲ್ಲಿ ಮಾತ್ರ ಇರುತ್ತಿದ್ದವು. ಹಲಸಂಗಿಯ ಹುಡುಗಿಗೆ ಅವು ಎಟುಕುತ್ತಿರಲಿಲ್ಲ. ಈಗ ‘ಇಂಡಿಯಾ ಕೋಡ್’ ಎಂಬ ಸರಕಾರದ ತಾಣದಲ್ಲಿ ಕಾಯಿದೆಗಳ ಪಾಠ ದೊರೆಯುತ್ತದೆ. ಸರ್ವೋಚ್ಚ ನ್ಯಾಯಾಲಯವು ತನ್ನ ತೀರ್ಪುಗಳ ವರದಿಯನ್ನು ೨೦೨೩ರ ಜನವರಿಯಿಂದ ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ ತೆರೆದಿಟ್ಟಿದೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ. ಆದರೆ ಪ್ರಮಾಣವೆಂದು ಹಿಡಿಯಬೇಕಾದದ್ದು ಇಂಗ್ಲಿಷ್ ಪಾಠವೆಂಬ ಸೂಚನೆ ಆ ಅನುವಾದಗಳಲ್ಲೇ ಇರುತ್ತದೆ. ಅಂತೂ ಗಾಜಿನ ಬೀರುವಿನ ಬೀಗ ತೆರೆದಿದೆ. ಬೀಗ ತೆಗೆದ ಮಾತ್ರಕ್ಕೆ ಓದು ಬಾರದು, ಅಷ್ಟೆ.

ಇತ್ತೀಚೆಗೆ ಇದಕ್ಕಿಂತಲೂ ದೊಡ್ಡದೊಂದು ಅಪಾಯ ಒದಗಿದೆ. ಪ್ರಶ್ನೆ ಕೇಳಿದರೆ ಮನುಷ್ಯರಂತೆಯೇ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆಯಷ್ಟೆ. ತಿಳಿಯದಿದ್ದಾಗ ಅವು ಸುಮ್ಮನಿರುವುದಿಲ್ಲ. ಇಲ್ಲದ ತೀರ್ಪನ್ನು ಹೆಸರು, ಸಂಖ್ಯೆಗಳೊಡನೆ ಹೊಸೆದುಕೊಟ್ಟುಬಿಡುವುದುಂಟು. ೨೦೨೩ರ ಜೂನಿನಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಇಂತಹ ಹುಸಿ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟ ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಕೂಡಿ ೫,೦೦೦ ಡಾಲರು ದಂಡ ಬಿದ್ದಿತು. ನಮ್ಮಲ್ಲಿಯೂ ಅಂತಹ ಎಚ್ಚರಿಕೆಯ ಗಂಟೆ ಬಾರಿಸಿದೆ. ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಉಲ್ಲೇಖಿಸಿದ್ದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂಬುದು ಕರ್ನಾಟಕ ಉಚ್ಚ ನ್ಯಾಯಾಲಯದ ಗಮನಕ್ಕೆ ಬಂದು, ೨೦೨೫ರ ಮಾರ್ಚಿನಲ್ಲಿ ಅದರ ಬಗೆಗೆ ಮುಂದಿನ ಕ್ರಮವಾಗಬೇಕೆಂದು ಅದು ಆಜ್ಞಾಪಿಸಿತು. ಪರೀಕ್ಷೆಯಲ್ಲಿ ಅಂತಹ ತೀರ್ಪನ್ನು ಬರೆದವನಿಗೆ ಹೋಗುವುದು ಅಂಕ ಮಾತ್ರ. ವಕೀಲನಾದ ಮೇಲೆ ಬರೆದರೆ ಕಕ್ಷಿಗಾರನ ಮೊಕದ್ದಮೆಯೂ ತನ್ನ ಮರ್ಯಾದೆಯೂ ಒಟ್ಟಿಗೇ ಹೋಗುತ್ತವೆ.

ತಾಯಿತಂದೆಗಳು ಇನ್ನೊಂದು ಸಂಗತಿಯನ್ನೂ ಗಮನದಲ್ಲಿಡಬೇಕು. ಎಲ್ಲ ಪರೀಕ್ಷೆಗಳ ಕಟ್ಟಳೆಯೂ ಒಂದೇ ಅಲ್ಲ. ಕಾನೂನು ಪದವೀಧರರು ವಕೀಲರಾಗಿ ಮುಂದುವರಿಯಲು ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆ ೨೦೧೧ರಲ್ಲಿ ಮೊದಲಾದಾಗ ಪುಸ್ತಕ ಟಿಪ್ಪಣಿಗಳನ್ನು ಒಯ್ಯಬಹುದಾಗಿತ್ತು. ೨೦೨೧ರಲ್ಲಿ ನಡೆದ ಹದಿನಾರನೆಯ ಪರೀಕ್ಷೆಯಿಂದ ಆ ಸಲಿಗೆ ನಿಂತು, ಟಿಪ್ಪಣಿಗಳಿಲ್ಲದ ಬರಿಯ ಕಾಯಿದೆಯ ಪಾಠಕ್ಕೆ ಮಾತ್ರ ಅವಕಾಶ ಉಳಿಯಿತು. ಈ ಪರೀಕ್ಷೆಯನ್ನು ನಡೆಸುವ ಅಧಿಕಾರ ವಕೀಲರ ಪರಿಷತ್ತಿಗೆ ಉಂಟೆಂದು ಸಂವಿಧಾನ ಪೀಠವು ೨೦೨೩ರ ಫೆಬ್ರವರಿಯಲ್ಲಿ ಎತ್ತಿಹಿಡಿದಿದೆ. ಕನ್ನಡದಲ್ಲಿಯೂ ಅದನ್ನು ಬರೆಯಬಹುದು. ಆದುದರಿಂದ ಯಾವ ಪರೀಕ್ಷೆಗೆ ಯಾವುದು ಸಲ್ಲುತ್ತದೆಂಬುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಪುಸ್ತಕ ನೋಡಬಹುದೆಂದರೆ ಗೆಳೆಯನನ್ನು ಕೇಳಬಹುದೆಂದು ಅರ್ಥವಲ್ಲ. ಇನ್ನೊಬ್ಬರು ಬರೆದಿಟ್ಟ ಉತ್ತರವನ್ನು ತನ್ನದೆಂದು ಒಪ್ಪಿಸಿದರೆ, ಅದು ಪುಸ್ತಕದಿಂದಲೇ ಬಂದಿರಲಿ, ಅಂತರಜಾಲದಿಂದಲೇ ಬಂದಿರಲಿ, ಅಂಗಿಯ ತೋಳಿನ ಚೀಟಿಗೆ ಸಮಾನವೇ.

ನಮ್ಮ ಹುಡುಗಿ ಈಗ ತನ್ನ ನೋಟುಬುಕ್ಕಿನ ಮೊದಲ ಪುಟದಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದಾಳೆ. ಒಂದು: ಘಟನೆ ನಡೆದ ದಿನ ಈ ಕಲಮು ಜಾರಿಯಲ್ಲಿತ್ತೆ, ಇಂದು ಇದೆಯೆ? ಎರಡು: ತೀರ್ಪು ಕೊಟ್ಟ ನ್ಯಾಯಾಲಯ ಯಾವುದು, ಪೀಠದಲ್ಲಿ ಎಷ್ಟು ಜನ? ಮೂರು: ಮುಂದೆ ಬಂದ ಪೀಠಗಳು ಇದನ್ನು ಒಪ್ಪಿದವೆ, ತಳ್ಳಿಹಾಕಿದವೆ? ನಾಲ್ಕು: ನಾನು ಮೂಲವನ್ನೇ ಓದಿದೆನೆ, ಅದರ ಸಾರಾಂಶವನ್ನು ಮಾತ್ರವೆ? “ಇವನ್ನ ಪರೀಕ್ಷಾದ ದಿನ ಹುಡುಕಾಕ ಕುಂತ್ರ ಮೂರು ತಾಸು ಸಾಲೂದಿಲ್ರಿ ಸರ್. ಮನ್ಯಾಗ ಓದಿರಬೇಕು. ಅಲ್ಲಿ ಬರೇ ತಾಳೆ ನೋಡಬೇಕು” ಎಂದಳು. ಪುಸ್ತಕ ಕೊಡುವ ಪರೀಕ್ಷೆಗೆ ಹೆಚ್ಚು ಓದಬೇಕೆಂಬುದನ್ನು ನಪಾಸಾಗಿಯೇ ಕಲಿತಳು.

ತಾಯಿ ಏನು ಮಾಡಿದರು? ಅದನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಗರತಿಯ ಹಾಡುಗಳನ್ನು ಓದಿದವರಿಗೆ ಗೊತ್ತಿದೆ, ನಮ್ಮ ಕಡೆಯ ಹೆಣ್ಣಿಗೆ ತವರೆಂದರೇನೆಂಬುದು. ಪಾಲು ಕೇಳಿದರೆ ಪಂಚಮಿಗೆ ಕರೆಯಲು ಅಣ್ಣ ಬರುವನೋ ಇಲ್ಲವೋ ಎಂಬ ಭಯವನ್ನು ಯಾವ ಕಾಯಿದೆಯೂ ತೆಗೆಯಲಾರದು. ಆಕೆಯೇ ಹೇಳಿದರು. ಪತ್ರಕ್ಕೆ ಸಹಿ ಹಾಕಿರಲಿಲ್ಲ. ಅಷ್ಟರಲ್ಲಿ ಪಂಚಮಿ ಬಂದಿತು. ದೊಡ್ಡಣ್ಣ ಎಂದಿನಂತೆ ಕರೆಯಲು ಬಂದ. ಆಕೆ ಅವನನ್ನು ಕೂರಿಸಿ, ಉಣಬಡಿಸಿ, ಮಗಳಿಂದ ೨೦೨೦ರ ತೀರ್ಪಿನ ಸಾರವನ್ನು ಓದಿಸಿದರು.

“ಅಣ್ಣಾ, ಹೊಲ ನನಗ ಬೇಕೋ ಬ್ಯಾಡೋ, ಅದು ಬ್ಯಾರೆ ಮಾತು. ಬಿಟ್ಟುಕೊಡೂದಾದ್ರ ನಂದು ಅಂತ ತಿಳದು ಬಿಟ್ಟುಕೊಡ್ತೀನಿ. ನಂದಲ್ಲ ಅಂತ ಬರದ ಕಾಗದಕ್ಕ ಸಹಿ ಹಾಕೂದಿಲ್ಲ.”

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲವಂತೆ. ಬಳಿಕ ಪತ್ರವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, “ಹಬ್ಬಾ ಮುಗೀಲಿ ತಂಗಿ, ಕುಂತು ಮಾತಾಡೂಣು” ಎಂದನಂತೆ. ಮಾತುಕತೆ ಇನ್ನೂ ಮುಗಿದಿಲ್ಲ. ಆದರೆ ಆಕೆ ಪಂಚಮಿಗೆ ತವರಿಗೆ ಹೋಗಿಬಂದರು.

ಹೊರಡುವಾಗ ಆ ತಾಯಿ ನಮ್ಮ ಹುಡುಗರಿಗೆಲ್ಲ ಬುತ್ತಿ ಕಟ್ಟಿಕೊಟ್ಟು, ನಗುತ್ತ ಕೇಳಿದರು: “ಮಾಸ್ತರ, ನಿಮ್ಮ ಕನ್ನಡ ಪರೀಕ್ಷಾಕ್ಕೂ ಪುಸ್ತಕ ಕೊಡ್ತೀರೇನ್ರಿ?”

ಆಗ ಏನೋ ಹೇಳಿ ನುಣುಚಿಕೊಂಡೆ. ಅಂದು ರಾತ್ರಿ ಮನೆಗೆ ಬಂದವನೇ ನಾನು ಸಿದ್ಧಪಡಿಸಿಟ್ಟಿದ್ದ ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಿದೆ. ಹತ್ತು ಪ್ರಶ್ನೆಗಳಿದ್ದವು. ವಿದ್ಯಾರ್ಥಿಗಳ ಕೈಗೆ ಪುಸ್ತಕ ಕೊಟ್ಟರೆ ಅವುಗಳಲ್ಲಿ ಎಂಟು ಪ್ರಶ್ನೆಗಳಾಗಿಯೇ ಉಳಿಯುವುದಿಲ್ಲ. ಪುಟ ತೆಗೆದು ನಕಲು ಮಾಡಿದರೆ ತೀರಿತು. ಆ ಎಂಟನ್ನೂ ಹೊಡೆದುಹಾಕಿ ಹೊಸದಾಗಿ ಬರೆಯಲು ಕುಳಿತೆ. ಬೆಳಗಾಗುವ ಹೊತ್ತಿಗೆ ಎರಡು ಮಾತ್ರ ಆಗಿದ್ದವು.